ಕಿತ್ತಳೆ ಬ್ಲಾಕುಗಳ ಜೊತೆ ಎರಡು ವರ್ಷ

ಕುದುರೆ ಹಾರುವ ಬೇಲಿ ಕಟ್ಟಲು ಈ ಪ್ಲಾಸ್ಟಿಕ್ ಜಂಪ್ ಬ್ಲಾಕ್ ಸೆಟ್ ಕೊಂಡು ಎರಡು ವರ್ಷ ಆಯಿತು. ತೂಕ, ಅಳತೆ ಎಲ್ಲ ಡಬ್ಬದ ಮೇಲೇ ಇದೆ, ಮತ್ತೆ ಬರೆಯಲ್ಲ. ನನ್ನ ತಕರಾರು ಬಣ್ಣದ್ದು.

ಕೊಂಡಿದ್ದು ಚುಕ್ಕಿಗಾಗಿ. ಅಗಲವಾದ ಬೇಲಿ ನನ್ನ ಈ ಕುದುರೆಗೆ ಲೆಕ್ಕಕ್ಕೇ ಇಲ್ಲ, ಆಡುತ್ತಾ ಹಾರುತ್ತಾಳೆ. ಅಷ್ಟೇ ಎತ್ತರದ ಬೇಲಿಯನ್ನು 2 ಮೀಟರ್ ಅಗಲಕ್ಕೆ ಇಳಿಸಿ ನೋಡಿ. ಸಾಧುವಿನ ಹಾಗೆ ನೇರವಾಗಿ ಬಂದು, ಕೊನೇ ಹೆಜ್ಜೆಯಲ್ಲಿ ಬಲಕ್ಕೆ ಜಾರಿಬಿಡುತ್ತಿದ್ದಳು. ನಾನು ಎಡಕ್ಕೆ ವಾಲಿ ಅವಳ ಕುತ್ತಿಗೆ ತಬ್ಬಿಕೊಂಡಿರುತ್ತಿದ್ದೆ.

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಬಾಲದ ನೇರ ಹಿಂದಿರುವುದು, ಹಣೆಯ ನೇರಕ್ಕೆ ತೀರಾ ಹತ್ತಿರ ಇರುವುದು ಮಾತ್ರ ಕಾಣುವುದಿಲ್ಲ. ಕಿರಿದಾದ ಬೇಲಿ ಹತ್ತಿರ ಬಂದಷ್ಟೂ ಹಣೆಯ ಮುಂದಿನ ಆ ಕಾಣದ ಜಾಗಕ್ಕೆ ಸೇರಿಹೋಗುತ್ತದೆ. ಎರಡು ಪಕ್ಕದ ಖಾಲಿ ದಾರಿ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ಆ ಕಡೆ ಹೋಗದೆ ಇನ್ನೇನು ಮಾಡುತ್ತಾಳೆ?

ಬಿಳಿ ಸೆಟ್ಟಿಗೆ ಬೆಲೆ ಜಾಸ್ತಿ, ಕಿತ್ತಳೆಗೆ ಕಡಿಮೆ. ನನ್ನ ಜೇಬು ಕಿತ್ತಳೆಯನ್ನೇ ಆರಿಸಿತು. ಕಣ್ಣು ಕುಕ್ಕುವ ಬಣ್ಣ, ಕುದುರೆಗೂ ಚೆನ್ನಾಗಿ ಕಾಣುತ್ತೆ ಅಲ್ವಾ ಅಂದುಕೊಂಡೆ. ಎಡವಿದ್ದು ಅಲ್ಲೇ. ಕುದುರೆಯ ಕಣ್ಣಿಗೆ ನೀಲಿ, ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು-ಹಸಿರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಸಿರು ಹುಲ್ಲಿನ ಮೇಲೆ ಕಿತ್ತಳೆ ಇಟ್ಟರೆ ಅವಳ ಪಾಲಿಗೆ ಹುಲ್ಲಿನ ಜೊತೆ ಹುಲ್ಲು. ಬ್ರಿಟನ್ನಿನ ಜಂಪ್ ರೇಸುಗಳಲ್ಲಿ ಬೇಲಿಗಳ ಕಿತ್ತಳೆ ಪಟ್ಟಿ ತೆಗೆದು ಬಿಳಿ ಹಾಕಲು 2022ರಲ್ಲಿ ಶುರುಮಾಡಿದ್ದೂ ಇದೇ ಕಾರಣಕ್ಕೆ. ನಮ್ಮ ಡಬ್ಬದ ಮೇಲೆ ಮಾತ್ರ "ಎದ್ದು ಕಾಣುವ ಬಣ್ಣ" ಅಂತ ದಪ್ಪಕ್ಷರದಲ್ಲಿದೆ. ಯಾರಿಗೆ ಅಂತ ಬರೆದಿಲ್ಲ.

ಇದು ತಿಳಿಯುವ ಮೊದಲು ಒಂದೂವರೆ ತಿಂಗಳು ಚುಕ್ಕಿಯನ್ನು ಸುಮ್ನೆ ಬೈದಿದ್ದೇನೆ. ಅದನ್ನು ನೆನೆದರೆ ಈಗಲೂ ನಾಚಿಕೆ.

ಆಮೇಲೆ ಪ್ರತಿ ಬ್ಲಾಕಿಗೂ ಅಂಗೈ ಅಗಲದ ಬಿಳಿ ಟೇಪು ಸುತ್ತಿದೆ. ಮೇಲಂಚಿಗೆ ಒಂದು, ನೆಲದ ಹತ್ತಿರ ಒಂದು. ಟೇಪಿನಿಂದಲೇ ಎಲ್ಲ ಸರಿಹೋಯಿತು ಅಂತ ಆಣೆ ಮಾಡಲಾರೆ, ಗೈಡ್ ಪೋಲು, ಅಂದರೆ ಕುದುರೆಗೆ ದಾರಿ ತೋರಿಸುವ ಉದ್ದ ಕೋಲು, ಸರಿಯಾಗಿ ಇಡುವುದನ್ನು ಕಲಿತದ್ದೂ ಅದೇ ವಾರ. ಆದರೆ ಮೊದಲ ಸಲ ಅವಳ ಕಿವಿ ಬೇಲಿಯ ಕಡೆ ಮೊನೆಯಾಗಿ ನಿಂತದ್ದು ಟೇಪು ಸುತ್ತಿದ ಮರುದಿನ.

ಇನ್ನು ಬೈಗುಳ ಸಾಕು. ಈ ಸೆಟ್ಟಿನ ನಿಜವಾದ ಸುಖ ಬೆಳಗಿನ ಕೆಲಸದಲ್ಲಿದೆ. ಒಂದೊಂದು ಕಂಕುಳಲ್ಲಿ ಒಂದೊಂದು ಬ್ಲಾಕು ಇಟ್ಟುಕೊಂಡು ಮೂರು ಸಲ ಓಡಾಡಿದರೆ ಬೇಲಿ ಸಿದ್ಧ, ಯಾರ ಸಹಾಯವೂ ಬೇಡ. ಆರು ಬ್ಲಾಕು ಸಾಲಾಗಿ ಇಟ್ಟರೆ 3 ಮೀಟರ್ ಗೋಡೆ. ಎರಡು ತುದಿಗೂ ಒಂದೊಂದು ಪೋಲು ಒರಗಿಸಿ, ಪೋಲಿನ ಇನ್ನೊಂದು ತುದಿಯನ್ನು ನಾವು ಬರುವ ಕಡೆಗೆ ಅಗಲವಾಗಿ ನೆಲಕ್ಕೆ ಬಿಡುತ್ತೇನೆ. ಕುದುರೆಗೆ ಅದೊಂದು ಓಣಿ. ಮೊದಲು ಟ್ರಾಟಿನಲ್ಲಿ (ಕುಲುಕು ನಡೆ), ಆಮೇಲೆ ಕ್ಯಾಂಟರಿನಲ್ಲಿ (ಅದಕ್ಕಿಂತ ವೇಗದ ಓಟ). ಆರೂ ಬ್ಲಾಕಿನ ಮೇಲೆ ಅವಳು ಎರಡು ದಿನ ತಕರಾರಿಲ್ಲದೆ ಹಾರಿದರೆ ಒಂದನ್ನು ತೆಗೆಯುತ್ತೇನೆ. ಅಷ್ಟೇ. ಅವಸರ ಮಾಡಿ ಒಮ್ಮೆಗೇ ಎರಡು ತೆಗೆದ ದಿನ ಮತ್ತೆ ಆರಕ್ಕೆ ವಾಪಸ್.

ಚುಕ್ಕಿ ಬಲಕ್ಕೆ ಜಾರುವವಳು. ಹಾಗಾಗಿ ಮೊದಲು ತೆಗೆದದ್ದು ಎಡಗಡೆಯ ಪೋಲು, ಬಲದ್ದು ತಿಂಗಳುಗಟ್ಟಲೆ ಇತ್ತು. ತಪ್ಪಿಸಿಕೊಂಡರೆ ಬಲಕ್ಕೇ ಸುತ್ತು ಹಾಕಲು ಬಿಡುವುದಿಲ್ಲ. ಅಲ್ಲೇ ನಿಲ್ಲಿಸಿ, ಎಡಕ್ಕೆ ತಿರುಗಿಸಿ, ಮತ್ತೆ ಬರುತ್ತೇನೆ. ಬಲಗಾಲು ಒತ್ತಿ ಹಿಡಿದು, ಕಣ್ಣನ್ನು ಬೇಲಿಯಾಚೆ ಇಡಬೇಕು. ನಾನು ಬ್ಲಾಕು ನೋಡಿದ ದಿನವೆಲ್ಲ ಅವಳು ಜಾರಿದ್ದಾಳೆ.

ಗಾಳಿಗೆ ಬ್ಲಾಕು ಅಲುಗುತ್ತದೆ, ನಿಜ. ಒಳಗೆ ನೀರು ತುಂಬಿಸಿ ಅಂತ ಕೆಲವರು ಹೇಳುತ್ತಾರೆ. ನನಗಂತೂ ಬೇಡ. ಕಾಲು ತಗುಲಿದರೆ ಅದು ಉರುಳಬೇಕು, ಕುದುರೆಯಲ್ಲ.

ಈಗ ಎರಡೇ ಬ್ಲಾಕು, 1 ಮೀಟರ್. ಪೋಲೂ ಇಲ್ಲ, ಏನೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಹಾರುತ್ತಾಳೆ. ಹತ್ತನೆಯದಕ್ಕೆ ಬೈಯುವುದನ್ನು ಬಿಟ್ಟಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬಿಳಿ ಸೆಟ್ಟಾಗಿದ್ದರೆ ನಾಲ್ಕೂವರೆ. ಜೇಬು ಒಪ್ಪಿದರೆ ಬಿಳಿಯನ್ನೇ ಕೊಳ್ಳಿ, ಇಲ್ಲವಾದರೆ ಜೊತೆಗೆ ಟೇಪೂ ಕೊಳ್ಳಿ. ಇಬ್ಬನಿಗೆ ಹದಿನೈದು ದಿನಕ್ಕೊಮ್ಮೆ ಅಂಚು ಸುರುಳಿ ಏಳುತ್ತದೆ, ಚುಕ್ಕಿ ಅದನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತಾಳೆ. ಈ ವಾರ ಮೂರನೇ ಬ್ಲಾಕನ್ನು ಪೂರ್ತಿ ಸುಲಿದಿದ್ದಾಳೆ.