ಹೆಬ್ಬಲಸಿನ ಮುಂಬಾಗಿಲು, ಹೆಬ್ಬಲಸಿನ ತೂಗುಮಣೆ: ಒಂದು ಮರಗೆಲಸದ ಅಂಗಡಿಯ ವಿಮರ್ಶೆ

ತೇಗಕ್ಕೆ ದುಡ್ಡು ಸಾಲದಿದ್ದರೆ ಹೆಬ್ಬಲಸು ಹಾಕಿಸಿ ಎಂಬ ಸಲಹೆ ಮಲೆನಾಡಿನ ಟಿಂಬರ್ ಡಿಪೋಗಳಲ್ಲಿ ಇಂದಿಗೂ ಸಲೀಸಾಗಿ ಸಿಗುತ್ತದೆ. ಆ ಸಲಹೆಯಲ್ಲಿ ಮರದ ಬಗ್ಗೆ ತುಸು ತಾತ್ಸಾರವೂ ಸೇರಿಕೊಂಡಿದೆ. ಸಾಗರದ ಕಡೆಯ ಒಂದು ಮರಗೆಲಸದ ಅಂಗಡಿಯಲ್ಲಿ ದಾರಂದಸಹಿತ ಮುಂಬಾಗಿಲನ್ನೂ ಪಡಸಾಲೆಗೊಂದು ತೂಗುಮಣೆಯನ್ನೂ ಹೆಬ್ಬಲಸಿನಲ್ಲೇ ಮಾಡಿಸಿ, ಮಳೆಗಾಲ ಬೇಸಿಗೆಗಳೆರಡನ್ನೂ ದಾಟಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಮರದಲ್ಲಿ ಕೊರತೆಯಿಲ್ಲ; ಅದನ್ನು ಒಣಗಿಸುವಷ್ಟು ತಾಳ್ಮೆ ಅಂಗಡಿಯವರಿಗೆ ಒಂದು ಕೆಲಸದಲ್ಲಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಹೆಬ್ಬಲಸು ಪಶ್ಚಿಮ ಘಟ್ಟದ ಮಳೆಕಾಡಿನ ಮರ. ಘಟ್ಟದ ಸೀಮೆ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಹಲಸಿನ ಕುಲಕ್ಕೇ ಸೇರಿದರೂ ಹಣ್ಣು ಮುಷ್ಟಿಯಷ್ಟೇ. ಮೈತುಂಬ ಮುಳ್ಳು, ಒಳಗೆ ಹುಳಿಸಿಹಿಯ ಕಿತ್ತಳೆ ಬಣ್ಣದ ತೊಳೆ. ಬೇಸಿಗೆ ರಜೆಯಲ್ಲಿ ಅದಕ್ಕಾಗಿ ಮಂಗಗಳೊಡನೆ ಪೈಪೋಟಿಗಿಳಿಯದ ಮಲೆನಾಡಿನ ಮಕ್ಕಳು ಕಡಿಮೆ. ಅಡಿಕೆ ತೋಟದ ಅಂಚಿನಲ್ಲೂ ಕಾಫಿ ತೋಟದ ನೆರಳಿನ ಸಾಲಿನಲ್ಲೂ ಇದನ್ನು ಉಳಿಸಿಕೊಂಡು ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಕಾಡಿನಲ್ಲಿ ಬೆಳಕಿಗಾಗಿ ಮೇಲೇರುವ ಮರವಾದ್ದರಿಂದ ಕಾಂಡ ಕೊಂಬೆಗಳಿಲ್ಲದೆ ನೆಟ್ಟಗೆ ಬಹಳ ಎತ್ತರದವರೆಗೆ ಹೋಗುತ್ತದೆ, ಮೂವತ್ತು ಮೀಟರ್ ದಾಟುವ ಮರಗಳೂ ಇವೆ. ಮರಗೆಲಸದವರು ಇದನ್ನು ಮೆಚ್ಚುವುದಕ್ಕೆ ಮೊದಲ ಕಾರಣ ಇಲ್ಲಿದೆ: ಗಂಟುಗಳಿಲ್ಲದ ಉದ್ದನೆಯ ಹಲಗೆ ಸಿಗುತ್ತದೆ.

ಎರಡನೆಯ ಕಾರಣ ನೀರಿಗೆ ಸಂಬಂಧಿಸಿದ್ದು. ಇದನ್ನೇ ಆಂಜಿಲಿ ಎನ್ನುವ ಕೇರಳದಲ್ಲಿ ಓಣಂ ಕಾಲದ ದೋಣಿ ಪಂದ್ಯಗಳಿಗೆ ಇಳಿಯುವ, ನೂರು ಅಡಿಗೂ ಉದ್ದದ ಚುಂಡನ್ ವಳ್ಳಗಳನ್ನು ಸಾಂಪ್ರದಾಯಿಕವಾಗಿ ಈ ಮರದಲ್ಲೇ ಕಟ್ಟುತ್ತಾರೆ. ಅಲ್ಲಿನ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವವರು ತೇಗದ ಜೊತೆಗೆ ಇದನ್ನೂ ಬಳಸುತ್ತಾರೆ. ವರ್ಷಗಟ್ಟಲೆ ನೀರಿನಲ್ಲಿ ನಿಂತರೂ ಲಡ್ಡಾಗದ ಮರಕ್ಕೆ ನಮ್ಮ ಮುಂಬಾಗಿಲಿಗೆ ಬಡಿಯುವ ಇರಚಲು ದೊಡ್ಡದಲ್ಲ ಎಂದು ತೀರ್ಮಾನಿಸಿಯೇ ನಾನು ತೇಗವನ್ನು ಬಿಟ್ಟೆ. ದರವೂ ಈ ತೀರ್ಮಾನಕ್ಕೆ ನೆರವಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಂಗಡಿಯವರು ಹೇಳಿದ್ದು ತೇಗದ ದರದ ಅರ್ಧದ ಆಸುಪಾಸು.

ಬಾಗಿಲಿನ ಕೆಲಸ ನಿಜಕ್ಕೂ ಚೆನ್ನಾಗಿದೆ. ಕೊಯ್ದ ಹೊಸತರಲ್ಲಿ ಅರಿಸಿನದಂತೆ ಹಳದಿಯಾಗಿದ್ದ ಚೇಗು, ಅಂದರೆ ಮರದ ಒಳತಿರುಳು, ಗಾಳಿ ಬೆಳಕು ತಾಗುತ್ತ ಹೋದಂತೆ ಹೊನ್ನಗಂದಾಗಿ, ಈಗ ಹಳೆಯ ತೊಟ್ಟಿಮನೆಗಳ ಕಂಬದ ಬಣ್ಣಕ್ಕೆ ಹತ್ತಿರವಾಗಿದೆ. ಬಣ್ಣ ಹೀಗೆ ಮಾಗುತ್ತದೆ ಎಂದು ಮೊದಲೇ ತಿಳಿಸಿ, ಗಾಢ ಪಾಲಿಶ್ ಬೇಡವೆಂದು ತಡೆದವರು ಅಂಗಡಿಯ ಹಿರಿಯ ಮೇಸ್ತ್ರಿಯೇ. ಹೆಬ್ಬಲಸಿನ ಎಳೆ ತೇಗದಷ್ಟು ನಯವಲ್ಲ. ಬರಿಗಣ್ಣಿಗೇ ಕಾಣುವ ದೊಡ್ಡ ರಂಧ್ರಗಳು ಹಲಗೆಯ ಮೇಲೆ ಸಣ್ಣ ಗೀರುಗಳಾಗಿ ಓಡುತ್ತವೆ, ಕೆಲವೆಡೆ ಎಳೆಗಳು ಒಂದು ಪಟ್ಟಿಯಲ್ಲಿ ಒಂದು ದಿಕ್ಕಿಗೂ ಪಕ್ಕದ ಪಟ್ಟಿಯಲ್ಲಿ ಎದುರು ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಅಂಥ ಜಾಗದಲ್ಲಿ ಕೀಸುಳಿ ಒಂದೇ ಸಮನೆ ಓಡಿಸಿದರೆ ಮೇಲ್ಮೈ ಕಿತ್ತುಬರುತ್ತದೆ. ನಮ್ಮ ಬಾಗಿಲಿನಲ್ಲಿ ಹಾಗೆ ಕಿತ್ತ ಗುರುತು ಚಿಲಕದ ಕೆಳಗೆ ಒಂದೇ ಒಂದು ಕಡೆ, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ಇದೆ. ದಾರಂದದ ಮೂಲೆಗಳಲ್ಲಿ ಮೊಳೆಯಿಲ್ಲ. ಕಚ್ಚು ಕೂರಿಸಿ ಮರದ ಗೂಟ ಬಡಿದಿದ್ದಾರೆ. ಆಷಾಢದ ಮಳೆಯಲ್ಲಿ ಊರಿನ ಬಾಗಿಲುಗಳೆಲ್ಲ ಉಬ್ಬಿ ಹಟ ಹಿಡಿಯುವ ದಿನಗಳಲ್ಲೂ ಇದು ಒಂದೇ ಕೈಯಲ್ಲಿ ಮುಚ್ಚಿಕೊಂಡಿತು. ಹೊಸ್ತಿಲಿಗೆ ಗೆದ್ದಲು ಏರಿಲ್ಲ.

ತೂಗುಮಣೆಯ ಬಗ್ಗೆ ಇದೇ ಮಾತು ಹೇಳಲಾಗದು. ಒಂದೇ ಹಲಗೆಯ ಅಗಲವಾದ ಮಣೆ ಬೇಕೆಂದು ಕೇಳಿದ್ದೆ, ಕೊಟ್ಟದ್ದೂ ಅದನ್ನೇ. ಆದರೆ ಬೇಸಿಗೆ ಬರುತ್ತಿದ್ದಂತೆ ಅದು ದೋಣಿಯ ಹಾಗೆ ಬಾಗತೊಡಗಿತು; ಮೇಲೆ ಮಟ್ಟಗೋಲನ್ನು ಅಡ್ಡಲಾಗಿಟ್ಟರೆ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿದ್ದಿತು. ಮರ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವಷ್ಟು ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಿಲ್ಲ; ಅಗಲ ಹಲಗೆ ಹಸಿಯಿದ್ದಷ್ಟೂ ಈ ವ್ಯತ್ಯಾಸ ಬಾಗಾಗಿ ಹೊರಬೀಳುತ್ತದೆ. ಅಂಗುಲ ದಪ್ಪಕ್ಕೆ ಒಂದು ವರ್ಷದ ನೆರಳು ಎಂಬುದು ಹಳೆಯ ಬಡಗಿಗಳ ಲೆಕ್ಕ, ನಮ್ಮ ಮಣೆಯ ಹಲಗೆ ಅಷ್ಟು ಕಾಲ ಕಾದಿರಲಾರದು. ಸಾಲದ್ದಕ್ಕೆ ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಹೊಡೆದು ಅಡಿಭಾಗವನ್ನು ಹಾಗೇ ಬಿಟ್ಟಿದ್ದರು, ಆದ್ದರಿಂದ ತೇವ ಒಂದು ಮಗ್ಗುಲಿನಿಂದ ಮಾತ್ರ ಬೇಗ ಬೇಗ ಹೊರಟುಹೋಯಿತು.

ಇನ್ನೊಂದು ಸಂಗತಿ ಅಡಿಭಾಗವನ್ನು ತಿರುವಿ ನೋಡಿದಾಗಲೇ ಕಂಡದ್ದು. ಹಲಗೆಯ ಒಂದು ಅಂಚಿನುದ್ದಕ್ಕೂ ಚೇಗಿನ ಹೊರಗಿನ ಬಿಳಿ ಪಟ್ಟಿಯನ್ನು ತೆಗೆಯದೆ ಉಳಿಸಿಕೊಂಡಿದ್ದರು, ಅದರಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದವು, ನೆಲದ ಮೇಲೆ ಮೈದಾಹಿಟ್ಟಿನಷ್ಟು ನುಣ್ಣನೆಯ ಹುಡಿ ಬಿದ್ದಿತ್ತು. ಹೆಬ್ಬಲಸಿನ ಬಾಳಿಕೆಯ ಬಗ್ಗೆ ಹೇಳುವುದೆಲ್ಲ ಚೇಗಿಗೆ ಸಲ್ಲುವ ಮಾತು. ಬಿಳಿ ಭಾಗ ಹುಳುವಿಗೂ ಗೆದ್ದಲಿಗೂ ಯಾವ ಸಾಧಾರಣ ಮರದಷ್ಟೇ ಸುಲಭದ ತುತ್ತು. ಹಲಗೆಯ ಅಗಲ ಉಳಿಸುವ ಆಸೆಗೆ ಅದನ್ನು ಬಿಟ್ಟುಕೊಂಡದ್ದು ಅಪ್ಪಟ ಬೇಜವಾಬ್ದಾರಿ.

ದೂರು ಹೇಳಿದಾಗ ಅಂಗಡಿಯವರು ವಾದಕ್ಕೆ ನಿಲ್ಲಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ಮಣೆಯನ್ನು ಒಯ್ದು ಬಿಳಿ ಅಂಚನ್ನು ಕೊಯ್ದು ತೆಗೆದು, ಮತ್ತೆ ಕೀಸಿ ಮಟ್ಟ ಮಾಡಿ, ಎರಡೂ ಮಗ್ಗುಲಿಗೆ ಅಗಸೆ ಎಣ್ಣೆ ಬಳಿದು, ಅಡಿಯಲ್ಲಿ ಎರಡು ಅಡ್ಡಪಟ್ಟಿ ಕೂರಿಸಿ ಮರಳಿಸಿದರು, ಹಣ ಕೇಳಲಿಲ್ಲ. ಮಣೆ ಈಗ ನೆಟ್ಟಗಿದೆ, ಮೊದಲಿಗಿಂತ ತೆಳ್ಳಗೂ ಕಿರಿದಾಗಿಯೂ ಇದೆ.

ಮರದ ಮೂಲವನ್ನು ಕೇಳಿದಾಗ ಅವರು ಹಿಂಜರಿಯದೆ ಕಾಗದ ತೋರಿಸಿದ್ದು ನನಗೆ ಹಿಡಿಸಿದ ಇನ್ನೊಂದು ಅಂಶ. ಖಾಸಗಿ ಜಮೀನಿನ ಮರಗಳ ಕಡಿತವೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಮತ್ತು ಘಟ್ಟದ ಕಾಡಿಗೆ ಮಾತ್ರ ಸೀಮಿತವಾದ ಮರವನ್ನು ಕೊಳ್ಳುವವರು ಅದು ಯಾರದೋ ತೋಟದ್ದೋ ಕಾಡಿನ ಕಳ್ಳಮಾಲೋ ಎಂದು ವಿಚಾರಿಸದೆ ಮುಂಗಡ ಕೊಡುವುದು ಸರಿಯಲ್ಲ.

ದಾರಂದ, ಬಾಗಿಲು, ಕಿಟಕಿ ಚೌಕಟ್ಟು, ಅಕ್ಕಿಪೆಟ್ಟಿಗೆಗಳಂಥ ಕೆಲಸವನ್ನು ಈ ಅಂಗಡಿಗೆ ಧೈರ್ಯವಾಗಿ ಕೊಡಬಹುದು. ಊಟದ ಮೇಜು, ಮಂಚದ ತಲೆಹಲಗೆಯಂಥ ಅಗಲ ಹಲಗೆಯ ಕೆಲಸವಾದರೆ ಹಲಗೆಯನ್ನು ಒಂದು ವರ್ಷ ಮೊದಲೇ ಆಯ್ದು, ಹೆಸರು ಬರೆಸಿ, ಅವರ ಕೊಟ್ಟಿಗೆಯ ನೆರಳಿನಲ್ಲೇ ಪೇರಿಸಿಡಲು ಹೇಳುವುದು ಒಳ್ಳೆಯದು. ಹಲಗೆ ಆಯುವ ಕೆಲಸಕ್ಕೆ ಮಾಘ, ಫಾಲ್ಗುಣದ ಒಣ ದಿನಗಳೇ ಸೂಕ್ತ. ಮಳೆಗಾಲದಲ್ಲಿ ಹೋದರೆ ಅಲ್ಲಿರುವ ಎಲ್ಲ ಹಲಗೆಗಳೂ ಒಂದೇ ತೂಕಕ್ಕೆ, ಒಂದೇ ಬಣ್ಣಕ್ಕೆ ಬಂದಿರುತ್ತವೆ, ಒಣಗಿದ್ದು ಯಾವುದು ಹಸಿ ಯಾವುದು ಎಂದು ಮೇಸ್ತ್ರಿಯೂ ಹೇಳಲಾರ.