ಅಡುಗೆಮನೆಗೆ ಯಾವ ಟೈಮರ್: ಫೋನಾ, ತಿರುಗಿಸೋದಾ, ಡಿಜಿಟಲ್ಲಾ?

ಚಿಕ್ಕಮಗಳೂರಿನ ಮನೆಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಫೋನೇ ಸಾಕು, ಸುಮ್ನೆ ಇನ್ನೊಂದು ಸಾಮಾನು ಯಾಕೆ? ಆದರೆ ಅಕ್ಕಿಹಿಟ್ಟು ಮೆತ್ತಿದ ಕೈಯಲ್ಲಿ ಸ್ಕ್ರೀನ್ ಮುಟ್ಟೋದು ರಗಳೆ, ಮಗ ಫೋನ್ ಹಿಡಿದು ಹೊರಗೆ ಹೋದರೆ ಒಲೆ ಮೇಲಿನ ಕಡುಬಿನ ಕಥೆ ಮುಗೀತು.

ತಿರುಗಿಸುವ ಟೈಮರ್‌ಗೆ ಸೆಲ್ ಬೇಡ, ಒದ್ದೆ ಕೈಯಾದರೂ ನಡೆಯುತ್ತದೆ. ಒಳಗಿರೋದು ಸ್ಪ್ರಿಂಗ್, ಹಾಗಾಗಿ ಒಂದೆರಡು ನಿಮಿಷ ಆಚೀಚೆ ಆಗಬಹುದು. ಇನ್ನೊಂದು ವಿಷಯ, 5 ನಿಮಿಷ ಬೇಕಿದ್ದರೆ ಮೊದಲು 10 ದಾಟಿಸಿ, ಆಮೇಲೆ 5ಕ್ಕೆ ಹಿಂದೆ ತನ್ನಿ, ಇಲ್ಲದಿದ್ದರೆ ಸ್ಪ್ರಿಂಗ್ ಬಿಗಿಯಾಗದೆ ಗಂಟೆ ಸರಿಯಾಗಿ ಹೊಡೆಯದೇ ಹೋಗಬಹುದು. ಕಡುಬು, ಇಡ್ಲಿಗೆ ಇದು ಧಾರಾಳ ಸಾಕು.

ಮೊಟ್ಟೆ ಹದವಾಗಿ ಬೇಯಬೇಕು, ಕೇಕ್ ಕೂಡ ಮಾಡ್ತೀರಿ ಅಂದರೆ ಡಿಜಿಟಲ್. ಸೆಕೆಂಡ್ ಲೆಕ್ಕ ಸಿಗುತ್ತದೆ, ಮ್ಯಾಗ್ನೆಟ್ ಇದ್ದರೆ ಫ್ರಿಜ್‌ಗೆ ಅಂಟಿಸಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಟನ್ ಸೆಲ್ಲಿನದು ಬೇಡ, ನುಂಗಿದರೆ ತುಂಬಾ ಅಪಾಯ, ಎಎಎ ಸೆಲ್ಲಿನದು ನೋಡಿ. ಅಂಗಡಿಯಲ್ಲೇ ಒಮ್ಮೆ ಬಾರಿಸಿ ನೋಡಿ, ಆಷಾಢದ ಮಳೆ ಶೀಟಿನ ಮೇಲೆ ಸುರಿಯುವಾಗ ಸಣ್ಣ ಬೀಪ್ ಯಾರಿಗೂ ಕೇಳಲ್ಲ.

ಕುಕ್ಕರ್‌ಗಾದರೆ ಯಾವುದಾದರೂ ಆಗುತ್ತದೆ: ಮೊದಲ ವಿಷಲ್ ಬಂದಮೇಲೆ ಉರಿ ಸಣ್ಣ ಮಾಡಿ, ಅಲ್ಲಿಂದ ಟೈಮ್ ಇಡಿ.