ಕೈಯಲ್ಲಿ ತಳ್ಳುವ ಹುಲ್ಲಿನ ಮೆಷಿನ್: ಎರಡು ಯುಗಾದಿ ಆದ ಮೇಲೆ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 40x60 ಸೈಟು. ಮನೆ ಮುಂದೆ 12 ಅಡಿ ಅಗಲ, 18 ಅಡಿ ಉದ್ದ ಜಾಗ ಬಿಟ್ಟಿದ್ದೇವೆ. ಅಲ್ಲಿ ಬದನೆ, ಮೆಣಸಿನ ಗಿಡ ಹಾಕೋಣ ಅಂತ ನಾನು, ಲಾನ್ ಬೇಕು ಅಂತ ನಮ್ಮ ಯಜಮಾನರು. ಗೆದ್ದವರು ಅವರು, ಕೂತು ಕಳೆ ಕೀಳುವವಳು ನಾನು.

2019ರಲ್ಲಿ ನರ್ಸರಿಯಿಂದ ಮೆಕ್ಸಿಕನ್ ಗ್ರಾಸ್ ತಂದು ಹಾಸಿಸಿದೆವು. ಚಾಪೆ ಥರ ಚದರಡಿ ಲೆಕ್ಕದಲ್ಲಿ ಕೊಡುತ್ತಾರಲ್ಲ, ಅದೇ. ಆಮೇಲೆ ಎಷ್ಟೋ ಕಾಲ ತಿಂಗಳಿಗೊಮ್ಮೆ ಮಾಲಿ ಬಂದು ಪೆಟ್ರೋಲ್ ವೀಡ್ ಕಟರ್ ಆಡಿಸಿ ಹೋಗುತ್ತಿದ್ದ. ಅವನು ಹೋದ ಮೇಲೆ ಲಾನ್ ನೋಡಬೇಕಿತ್ತು! ಒಂದು ಕಡೆ ಬುಡದ ತನಕ ಬೋಳು, ಇನ್ನೊಂದು ಕಡೆ ಪೊದೆ. ಕ್ಷೌರ ಅರ್ಧ ಆಗಿರುವಾಗ ಕುರ್ಚಿಯಿಂದ ಎದ್ದು ಬಂದವರ ತಲೆ ಇದ್ದ ಹಾಗೆ. ಅದರ ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆದು ಹರಿಯುತ್ತದೆ. ಹರಿದ ತುದಿ ಮಾರನೇ ದಿನಕ್ಕೆ ಬಿಳಿಚಿಕೊಂಡು ಲಾನಿಗೆ ಬೂದಿ ಎರಚಿದ ಹಾಗೆ ಕಾಣುತ್ತಿತ್ತು.

ಹೋದ ವರ್ಷ ಶಿವರಾತ್ರಿ ಕಳೆದ ವಾರ ಈ ತಳ್ಳುವ ಮೆಷಿನ್ ತರಿಸಿದೆ. 4,800 ರೂಪಾಯಿ. ಮೋಟರಿಲ್ಲ, ಪೆಟ್ರೋಲಿಲ್ಲ, ವೈರಿಲ್ಲ. ಎರಡು ಚಕ್ರ, ಅವುಗಳ ನಡುವೆ 12 ಇಂಚು ಅಗಲದ ಸಿಲಿಂಡರ್, ಅದರ ಸುತ್ತ ಸುರುಳಿಯಾಗಿ ಐದು ಬ್ಲೇಡು. ಕೆಳಗೆ ಅಲ್ಲಾಡದ ಹಾಗೆ ಕೂರಿಸಿದ ಇನ್ನೊಂದು ಬ್ಲೇಡು. ನೀವು ತಳ್ಳಿದರೆ ಚಕ್ರ ತಿರುಗುತ್ತದೆ, ಚಕ್ರ ಸಿಲಿಂಡರನ್ನು ತಿರುಗಿಸುತ್ತದೆ, ಸುರುಳಿ ಬ್ಲೇಡು ಹುಲ್ಲನ್ನು ಎಳೆದುಕೊಂಡು ಹೋಗಿ ಕೆಳಗಿನ ಬ್ಲೇಡಿಗೆ ಕೊಡುತ್ತದೆ. ಕತ್ತರಿ ಕೆಲಸ ಮಾಡುವ ರೀತಿಯೇ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎನ್ನುವವರು ಇದನ್ನು ಮೊದಲು ಮಾಡಿದ್ದಂತೆ, ಮಿಲ್ಲಿನಲ್ಲಿ ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಮೆಷಿನ್ ನೋಡಿ. ಅಷ್ಟು ಹಳೇ ಉಪಾಯ.

ಮೊದಲ ದಿನ ಅರ್ಧ ಲಾನ್ ಮಾಡುವುದರಲ್ಲಿ ಖುಷಿಯಾಗಿಬಿಟ್ಟಿತು. ಸದ್ದು ಅಂದರೆ ಸುಮ್ನೆ ಕಿರ್ ಕಿರ್ ಅಷ್ಟೇ. ಬೆಳಗ್ಗೆ ಆರೂವರೆಗೆ ತಳ್ಳಿದರೂ ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ. ಹುಲ್ಲಿನ ತುದಿ ನೇರವಾಗಿ ಕತ್ತರಿಸಿತ್ತು, ಬಿಳಿ ಬಣ್ಣದ ಸುಳಿವೇ ಇಲ್ಲ. ನನ್ನ ಮಂಡಿ ನೋವಿಗೆ ಕೂತು ಏಳುವುದಕ್ಕಿಂತ ನಿಂತು ತಳ್ಳುವುದೇ ಸಲೀಸು.

ಉಳಿದರ್ಧದಲ್ಲಿ ಬಂತು ಫಜೀತಿ. ಕಾಂಪೌಂಡಿನ ಆಚೆ ಒಂದು ದೊಡ್ಡ ಹೊಂಗೆ ಮರ ಇದೆ. ಮಾಘ, ಫಾಲ್ಗುಣದಲ್ಲಿ ಎಲೆ ಉದುರಿಸಿ, ಜೊತೆಗೆ ಒಣಗಿದ ಕಾಯನ್ನೂ ಉದುರಿಸುತ್ತದೆ. ಚಪ್ಪಟೆ, ಚರ್ಮದಂಥ ಗಟ್ಟಿ ಕಾಯಿ. ಒಂದು ಕಾಯಿ ಬ್ಲೇಡಿನ ನಡುವೆ ಸಿಕ್ಕಿದರೆ ಸಾಕು, ಟಕ್ ಅಂತ ಮೆಷಿನ್ ನಿಲ್ಲುತ್ತದೆ, ಹಿಡಿ ಬಂದು ನಿಮ್ಮ ಹೊಟ್ಟೆಗೆ ಗುದ್ದುತ್ತದೆ. ಹಿಂದಕ್ಕೆ ಎಳೆದು, ಕಡ್ಡಿಯಿಂದ ಕಾಯಿ ತಳ್ಳಿ ತೆಗೆಯಬೇಕು. ದಯವಿಟ್ಟು ಬೆರಳು ಹಾಕಬೇಡಿ, ಸಿಲಿಂಡರ್ ಅರ್ಧ ಸುತ್ತು ತಾನಾಗಿಯೇ ತಿರುಗಿಬಿಡುತ್ತದೆ. ಈಗ ನಾನು ಮೊದಲು ಕಡ್ಡಿಪೊರಕೆ ಆಡಿಸಿ, ಕಾಯಿ ಆರಿಸಿ, ಆಮೇಲೆ ಮೆಷಿನ್ ಮುಟ್ಟುತ್ತೇನೆ. ಹುಲ್ಲು ಕತ್ತರಿಸಲು ಇಪ್ಪತ್ತು ನಿಮಿಷ ಆದರೆ ಕಾಯಿ ಆರಿಸಲು ಹದಿನೈದು.

ನೆಲದ ಉಬ್ಬುತಗ್ಗು ಇನ್ನೊಂದು ಕಥೆ. ಕಣ್ಣಿಗೆ ಸಮ ಕಾಣುವ ಲಾನಿನಲ್ಲಿ ಎಲ್ಲೆಲ್ಲಿ ಉಬ್ಬುಗಳಿವೆ ಅಂತ ಈ ಮೆಷಿನ್ನೇ ತೋರಿಸಿಕೊಟ್ಟಿತು. ಉಬ್ಬಿದ ಕಡೆ ಬುಡ ಬೋಳಿಸುತ್ತದೆ, ತಗ್ಗಿನಲ್ಲಿ ಹುಲ್ಲು ಮುಟ್ಟುವುದೇ ಇಲ್ಲ. ಹಾಗಾಗಿ ಈ ಸಲ ಚಳಿ ಹೋಗುತ್ತಿದ್ದ ಹಾಗೆ ಮೊದಲು ನೆಲ ಸರಿ ಮಾಡಿದೆ. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ, ಜರಡಿ ಹಿಡಿದು, ತಗ್ಗಿರುವ ಕಡೆ ಕಾಲಿಂಚಿನಷ್ಟು ಹರಡಿ ಪೊರಕೆಯಿಂದ ಎಳೆದೆ. ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು, ಪೂರ್ತಿ ಮುಚ್ಚಿದರೆ ಕೊಳೆಯುತ್ತದೆ. ಜರಡಿ ಹಿಡಿಯದಿದ್ದರೆ ಒಂದು ಬಟಾಣಿ ಗಾತ್ರದ ಕಲ್ಲು ಸಾಕು, ಬ್ಲೇಡಿನ ಬಾಯಿ ಮುರಿಯಲು.

ಹೋದ ಸಲ ಯೂರಿಯಾ ಹಾಕಿ ಕೆಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಕೈಗೆ ಬಂದಷ್ಟು ಎರಚಿ, ನೀರು ಸಂಜೆ ಬಿಟ್ಟರಾಯಿತು ಅಂದುಕೊಂಡೆ. ಮೂರು ಕಡೆ ಹೊತ್ತಿದ ದೋಸೆಯ ಹಾಗೆ ಕಂದು ಮಚ್ಚೆ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ, ಒಂದೇ ಕಡೆ ಬಿದ್ದರೆ ಸುಡದೇ ಬಿಡುತ್ತಾ? ಈ ವರ್ಷ ಎರೆಹುಳು ಗೊಬ್ಬರದ ಜೊತೆ ಸ್ವಲ್ಪ ಬೇವಿನ ಹಿಂಡಿ, ತಕ್ಷಣ ನೀರು. ಅಷ್ಟೇ ಸಾಕಾಯಿತು.

ಮೆಷಿನ್ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಉದ್ದ ಹುಲ್ಲು ಆಗುವುದಿಲ್ಲ. ಹೋದ ವರ್ಷ ಮಗಳ ಮನೆಗೆ ಅಂತ ಮೂರು ವಾರ ಹೋಗಿ ಬಂದಾಗ ಹುಲ್ಲು ಗೇಣುದ್ದ ಬೆಳೆದಿತ್ತು. ಮೆಷಿನ್ ಅದನ್ನು ಮಲಗಿಸಿಕೊಂಡು ಹೋಯಿತು, ಕತ್ತರಿಸಲಿಲ್ಲ. ಕೊನೆಗೆ ಕುಡುಗೋಲು ಹಿಡಿದು ಅರ್ಧ ಕೊಯ್ದ ಮೇಲೆ ಬಗ್ಗಿತು. ನಡುವೆ ನುಸುಳಿರುವ ಗರಿಕೆಯೂ ಹಾಗೇ. ಅದರ ಹೂಕಡ್ಡಿ ಬಾಗಿ ಕೂತು, ಮೆಷಿನ್ ದಾಟಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಅದನ್ನು ಕೈಯಲ್ಲೇ ಕಿತ್ತು ಗಣಪತಿಗೆ ಇಡುತ್ತೇನೆ. ಇನ್ನು ಕೊನ್ನಾರಿಗೆ ಯಾವ ಮೆಷಿನ್ನೂ ಸಾಟಿಯಲ್ಲ. ಮೇಲೆ ಎಷ್ಟು ಕತ್ತರಿಸಿದರೂ ಕೆಳಗೆ ಗಡ್ಡೆ ನಗುತ್ತಿರುತ್ತದೆ. ಮಣ್ಣು ಒದ್ದೆ ಇರುವಾಗ ಚಾಕು ತುದಿ ಇಳಿಸಿ ಗಡ್ಡೆ ಸಮೇತ ಎಬ್ಬಿಸಬೇಕು.

ಎತ್ತರಕ್ಕೆ ಹಿಂದಿನ ರೋಲರಿನ ಎರಡೂ ತುದಿಯಲ್ಲಿ ತಿರುಪುಗಳಿವೆ. ಎರಡನ್ನೂ ಒಂದೇ ಸಮ ತಿರುಗಿಸದಿದ್ದರೆ ಲಾನ್ ಓರೆಯಾಗುತ್ತದೆ. ನಾನು ಒಂದೂವರೆ ಇಂಚಿಗೆ ಇಟ್ಟು ಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಅದಕ್ಕಿಂತ ಕೆಳಗೆ ಇಳಿಸಿದರೆ ಮಣ್ಣು ಬೇಗ ಒಣಗುತ್ತದೆ.

ಎಂಟು ತಿಂಗಳಿಗೆ ಹರಿತ ಹೋಯಿತು. ಮೆಕ್ಸಿಕನ್ ಹುಲ್ಲು ನೋಡಲು ನಯ, ಆದರೆ ಎಳೆ ಗಡಸು. ರಸ್ತೆಯಲ್ಲಿ ಸಾಣೆ ಹಿಡಿಯುವವರನ್ನು ಕರೆದೆ. ಅವರು ಸಿಲಿಂಡರ್ ಮೇಲೆ ಬೆರಳು ಆಡಿಸಿ, "ಇದು ಸುರುಳಿ ಅಮ್ಮಾ, ನನ್ನ ಕಲ್ಲಿಗೆ ಕೂರಲ್ಲ" ಅಂದು ಟೀ ಕುಡಿದು ಹೋದರು. ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ ಅಂದರು, ಕೊರಿಯರ್ ಖರ್ಚು ನಮ್ಮದು. ಹದಿನಾಲ್ಕು ಕೆಜಿ ಕಬ್ಬಿಣ! ಕೊನೆಗೆ ಅಕ್ಕನ ಮಗ ಗ್ಯಾರೇಜಿನಿಂದ ವಾಲ್ವ್ ಉಜ್ಜುವ ಪೇಸ್ಟ್ ತಂದ. ಚಕ್ರ ಬಿಚ್ಚಿ, ಬ್ಲೇಡಿಗೆ ಪೇಸ್ಟ್ ಸವರಿ, ಸಿಲಿಂಡರನ್ನು ಉಲ್ಟಾ ತಿರುಗಿಸಿದ. ಹತ್ತು ನಿಮಿಷ ಉಜ್ಜಿ, ತೊಳೆದು, ತಿರುಪು ಬಿಗಿ ಮಾಡಿ, ಹಾಲಿನ ಲೆಕ್ಕದ ಚೀಟಿ ಹಿಡಿದು ನೋಡಿದೆವು. ಎರಡು ತುಂಡಾಗಿ ಬಿತ್ತು. ಕಾಗದ ಮಡಚಿಕೊಂಡರೆ ಇನ್ನೂ ಹರಿತ ಬಂದಿಲ್ಲ ಅಂತ ಲೆಕ್ಕ. ಲೆಕ್ಕದ ಚೀಟಿ ಹೋಯಿತು, ಅದು ಬೇರೆ ಮಾತು.

ಜೊತೆಗೆ ಕೊಟ್ಟ ಬಟ್ಟೆ ಚೀಲ ಮಾತ್ರ ಶುದ್ಧ ದಂಡ. ಎರಡು ಸಾಲು ಹೋಗುವಷ್ಟರಲ್ಲಿ ಕೊಕ್ಕೆ ಕಳಚಿಕೊಳ್ಳುತ್ತದೆ. ಈಗ ಚೀಲ ಕಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಕತ್ತರಿಸಿದರೆ ಚೂರು ಸಣ್ಣ, ಅಲ್ಲೇ ಬಿದ್ದು ಗೊಬ್ಬರವಾಗುತ್ತದೆ.

ನಿಮ್ಮ ಲಾನ್ ನಮ್ಮಷ್ಟೇ ಇದ್ದು, ವಾರಕ್ಕೊಮ್ಮೆ ತಪ್ಪದೆ ತಳ್ಳುವವರಾದರೆ ತಗೊಳ್ಳಿ. ತಿಂಗಳಿಗೊಮ್ಮೆ ನೆನಪಾಗುವವರಾದರೆ ಮಾಲಿಯೇ ವಾಸಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಳೆದದ್ದು ಚೀಲಕ್ಕೂ ಸಾಣೆಗೂ ಸೇರಿ.

ಯುಗಾದಿ ಹಿಂದಿನ ದಿನ ಪಕ್ಕದ ಮನೆಯವರು ಬಂದು, "ಆಂಟಿ, ಅರ್ಧ ಗಂಟೆ ಮೆಷಿನ್ ಕೊಡ್ತೀರಾ?" ಅಂತ ಕೇಳಿದರು. ಮೊದಲು ಕಾಯಿ ಆರಿಸಿಕೊಳ್ಳಿ ಅಂತ ಎರಡು ಸಲ ಹೇಳಿ ಕೊಟ್ಟೆ. ಹತ್ತೇ ನಿಮಿಷಕ್ಕೆ ತಂದು ಗೇಟಿನ ಒಳಗಿಟ್ಟು, ಏನೂ ಹೇಳದೆ ಹೋದರು. ಬಗ್ಗಿ ನೋಡಿದರೆ ಬ್ಲೇಡಿನ ನಡುವೆ ಒಂದು ಹೊಂಗೆಕಾಯಿ.